ಲಂಡನ್‌ನಿಂದ ಟೋಕಿಯೊ: ದೂರ ಎಷ್ಟು, ಹೊತ್ತು ಎಷ್ಟು?

ಎರಡು ದೂರದ ನಗರಗಳ ನಡುವಿನ ವಿಮಾನ ಪ್ರಯಾಣವನ್ನು ಲೆಕ್ಕ ಹಾಕಬೇಕೆಂದರೆ ಮೊದಲು ಗೋಡೆಯ ಭೂಪಟದಿಂದ ಕಣ್ಣು ತೆಗೆಯಿರಿ. ಚಪ್ಪಟೆ ಕಾಗದದ ಮೇಲೆ ಎಳೆದ ನೇರ ಗೆರೆ ಹತ್ತಿರದ ದಾರಿಯಾಗಿರುವುದಿಲ್ಲ. ಗ್ಲೋಬಿನ ಮೇಲೆ ಲಂಡನ್‌ಗೂ ಟೋಕಿಯೊಗೂ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ಉತ್ತರಕ್ಕೆ ಏರಿ, ಸ್ಕ್ಯಾಂಡಿನೇವಿಯಾ ದಾಟಿ, ಸೈಬೀರಿಯಾದ ಮೇಲೆ ಹಾದು ಜಪಾನಿಗೆ ಇಳಿಯುತ್ತದೆ. ಇದೇ ಮಹಾವೃತ್ತದ ದಾರಿ.

ಈಗ ಮೊಬೈಲಿನ ಕ್ಯಾಲ್ಕುಲೇಟರನ್ನು ಡಿಗ್ರಿಗೆ ಹೊಂದಿಸಿ. ಲಂಡನ್ ಇರುವುದು 51.5 ಉತ್ತರ ಅಕ್ಷಾಂಶ, 0.1 ಪಶ್ಚಿಮ ರೇಖಾಂಶದಲ್ಲಿ, ಟೋಕಿಯೊ 35.7 ಉತ್ತರ, 139.7 ಪೂರ್ವದಲ್ಲಿ. ದಕ್ಷಿಣ ಮತ್ತು ಪಶ್ಚಿಮದ ಅಂಕಿಗಳಿಗೆ ಋಣ ಚಿಹ್ನೆ ಹಾಕಬೇಕು. ಹಾಗಾಗಿ ರೇಖಾಂಶಗಳ ವ್ಯತ್ಯಾಸ 139.8. ಎರಡು ಅಕ್ಷಾಂಶಗಳ ಸೈನ್‌ಗಳನ್ನು (ಕ್ಯಾಲ್ಕುಲೇಟರಿನ sin ಗುಂಡಿ) ಗುಣಿಸಿ ಬರೆದಿಟ್ಟುಕೊಳ್ಳಿ. ಬಳಿಕ ಎರಡರ ಕೊಸೈನ್‌ಗಳನ್ನೂ (cos ಗುಂಡಿ) ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಗುಣಿಸಿ ಮೊದಲಿನದಕ್ಕೆ ಕೂಡಿಸಿ. ಸುಮಾರು 0.07 ಬರುತ್ತದೆ. ಅದರ ವಿಲೋಮ ಕೊಸೈನ್ (cos⁻¹ ಗುಂಡಿ) 86 ಡಿಗ್ರಿಗೆ ತುಸು ಕಡಿಮೆ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ 111.2 ಕಿ.ಮೀ. ಗುಣಿಸಿದರೆ ದೂರ ಸುಮಾರು 9,560 ಕಿ.ಮೀ. ಗಣಿತಕ್ಕೆ ಹೆದರುವವರು ಕೂಡ ಒಮ್ಮೆ ಕೈಯಾರೆ ಇದನ್ನು ಮಾಡಿ ನೋಡಬೇಕು; ಭೂಮಿ ದುಂಡಗಿದೆ ಎಂಬ ಮಾತು ಆಗ ಅನುಭವಕ್ಕೆ ಬರುತ್ತದೆ.

ದೊಡ್ಡ ಪ್ರಯಾಣಿಕ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. ಭಾಗಿಸಿದರೆ ಹತ್ತೂವರೆ ಗಂಟೆಗೆ ಸ್ವಲ್ಪ ಹೆಚ್ಚು. ಏರುವಾಗ, ಇಳಿಯುವಾಗ ವೇಗ ಕಡಿಮೆ. ರನ್‌ವೇವರೆಗೆ ಸಾಗುವ ಹೊತ್ತೂ ಇದೆ. ಅದಕ್ಕೆಂದು ಮುಕ್ಕಾಲು ಗಂಟೆ ಸೇರಿಸಿ.

ಉತ್ತರ ಸುಮಾರು 11 ಗಂಟೆ 30 ನಿಮಿಷ. ಆದರೆ ಇಂದಿನ ವೇಳಾಪಟ್ಟಿಯಲ್ಲಿ ಬ್ರಿಟನ್ ಮತ್ತು ಜಪಾನಿನ ವಿಮಾನಗಳಿಗೆ ಸುಮಾರು 14 ಗಂಟೆ ಹಿಡಿಯುತ್ತದೆ. ಉಕ್ರೇನ್ ಯುದ್ಧ ಶುರುವಾದ 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಬ್ರಿಟನ್ನಿನ ವಿಮಾನಗಳಿಗೆ ಮುಚ್ಚಿತು. ಜಪಾನಿನ ಸಂಸ್ಥೆಗಳೂ ಆ ದಾರಿಯನ್ನು ಬಿಟ್ಟವು. ಇದು ಹೊಸದೇನಲ್ಲ. ಶೀತಲ ಸಮರದ ದಿನಗಳಲ್ಲಿ ಯುರೋಪಿನ ಎಷ್ಟೋ ವಿಮಾನಗಳು ಸೋವಿಯತ್ ಆಕಾಶವನ್ನು ತಪ್ಪಿಸಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಂಧನ ತುಂಬಿಸಿಕೊಂಡು ಟೋಕಿಯೊಗೆ ಹೋಗುತ್ತಿದ್ದವು. ಆದ್ದರಿಂದ ದೂರದ ಲೆಕ್ಕ ಮುಗಿದ ಕೂಡಲೇ ದಾರಿಯಲ್ಲಿ ಯಾವ ದೇಶದ ಆಕಾಶ ಮುಚ್ಚಿದೆ ಎಂದು ವಿಚಾರಿಸಲೇಬೇಕು. ಸಮಯವನ್ನು ಇದರಷ್ಟು ಏರುಪೇರು ಮಾಡುವುದು ಬೇರೊಂದಿಲ್ಲ.

ಗಾಳಿಯ ಪಾಲೂ ಇದೆ. ಜೆಟ್ ಸ್ಟ್ರೀಮ್ ಎಂಬ ಮೇಲ್ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ನ್ಯೂಯಾರ್ಕ್‌ನಿಂದ ಲಂಡನ್‌ಗೆ ಸುಮಾರು 7 ಗಂಟೆ ಸಾಕು. ಮರಳಲು ಸುಮಾರು 8 ಬೇಕು.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ಟೋಕಿಯೊ ಲಂಡನ್‌ಗಿಂತ 9 ಗಂಟೆ ಮುಂದೆ, ಬೇಸಿಗೆಯಲ್ಲಿ 8. ಚಳಿಗಾಲದ ಬೆಳಿಗ್ಗೆ 10ಕ್ಕೆ ಲಂಡನ್ ಬಿಟ್ಟರೆ, 14 ಗಂಟೆಯ ನಂತರ ಲಂಡನ್‌ನಲ್ಲಿ ನಡುರಾತ್ರಿ. ಟೋಕಿಯೊದಲ್ಲಿ ಮರುದಿನ ಬೆಳಿಗ್ಗೆ 9. ಟಿಕೆಟ್‌ನ ಸಮಯಗಳು ಆಯಾ ಊರಿನವು, ಹಾಗಾಗಿ ಕಳೆಯುವ ಮೊದಲು ಎರಡನ್ನೂ ಒಂದೇ ಊರಿನ ಸಮಯಕ್ಕೆ ತನ್ನಿ. ನಡುವೆ ವಿಮಾನ ಬದಲಿಸುವುದಿದ್ದರೆ ಕಾಯುವ ಹೊತ್ತನ್ನೂ ಸೇರಿಸಿ.