ಕಾದಂಬರಿ ನೀವೇ ಪ್ರಕಟಿಸ್ತೀರಾ? ಅಚ್ಚಿಗೆ ಕೊಡುವ ಮುಂಚೆ ಇಷ್ಟು ಮಾಡಿ

ಸ್ವಂತ ಖರ್ಚಿನಲ್ಲಿ ಕಾದಂಬರಿ ತಂದವರ ಮನೆಗೆ ಹೋದರೆ ನನ್ನ ಕಣ್ಣು ಮೊದಲು ಮಂಚದ ಕೆಳಗೆ ಹೋಗುತ್ತದೆ. ಅಲ್ಲಿ ಕಂದು ಕಾಗದದ ಬಂಡಲ್‌ಗಳಿರುತ್ತವೆ. ಕಟ್ಟಿದ ದಾರ ಹಾಗೇ ಇರುತ್ತದೆ. ಬಿಡುಗಡೆ ದಿನ ಒಂದಷ್ಟು ಹೋಯಿತು, ಗೆಳೆಯರು ಒಂದಷ್ಟು ತಗೊಂಡರು, ಆಮೇಲೆ ನಿಂತೇ ಹೋಯಿತು ಅನ್ನುತ್ತಾರೆ. ಪುಸ್ತಕ ಚೆನ್ನಾಗಿಲ್ಲ ಅಂತಲ್ಲ. ಎಷ್ಟೋ ಸಲ ತುಂಬಾ ಚೆನ್ನಾಗಿರುತ್ತದೆ, ಸಂಕಟ ಆಗುವುದು ಅದಕ್ಕೇ. ಮಾರುವ ಯೋಚನೆ ಶುರುವಾದದ್ದೇ ಪುಸ್ತಕ ಮನೆಗೆ ಬಂದ ಮೇಲೆ. ಅದು ಶುರುವಾಗಬೇಕಿದ್ದದ್ದು ಬಿಡುಗಡೆಗೆ ಮೂರು ತಿಂಗಳ ಮುಂಚೆ.

ಆ ಮೂರು ತಿಂಗಳಲ್ಲಿ ಏನೇನು ಮಾಡಬೇಕು ಅಂತ ಇಲ್ಲಿ ಹೇಳುತ್ತೇನೆ. ಕರಡು ತಿದ್ದಿ ಮುಗಿದಿದೆ, ನಿಮ್ಮ ಮನೆಯವರಲ್ಲದ ಒಬ್ಬರಾದರೂ ಪೂರ್ತಿ ಓದಿ ತಪ್ಪು ತೋರಿಸಿದ್ದಾರೆ ಅಂದುಕೊಳ್ಳುತ್ತೇನೆ. ಅದು ಆಗಿಲ್ಲ ಅಂದ್ರೆ ಮೊದಲು ಅದನ್ನು ಮುಗಿಸಿ.

ಮೊದಲು ತಾರೀಖು

ಬಿಡುಗಡೆಯ ದಿನ ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ಮೂರು ತಿಂಗಳ ಹಿಂದೆ ಐಎಸ್‌ಬಿಎನ್, ಬೆನ್ನುಡಿ, ಬೆಲೆ. ಎರಡು ತಿಂಗಳ ಹಿಂದೆ ಮೊದಲ ಓದುಗರ ಕೈಗೆ ಪ್ರತಿ. ಒಂದು ತಿಂಗಳ ಹಿಂದೆ ಅಂಗಡಿಗಳ ಜೊತೆ ಮಾತು. ತಾರೀಖು ಎಲ್ಲರಿಗೂ ಹೇಳಿಬಿಟ್ಟು ಆಮೇಲೆ ಓಡಾಡಬೇಡಿ. ಅಚ್ಚಿನವರ ಕೈಯಲ್ಲಿ ಒಂದು ವಾರ ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ.

ಐಎಸ್‌ಬಿಎನ್ ಮತ್ತು ಬಾರ್‌ಕೋಡ್

ಇದು ಪುಸ್ತಕದ ಗುರುತಿನ ಸಂಖ್ಯೆ. 2007ರಿಂದ 13 ಅಂಕಿಗಳದ್ದು, ಅದಕ್ಕೆ ಮುಂಚೆ 10 ಇತ್ತು. ಒಂದೊಂದು ದೇಶಕ್ಕೂ ಕೊಡುವ ಸಂಸ್ಥೆ ಬೇರೆ. ಕೆಲವು ಕಡೆ ಉಚಿತ, ಕೆಲವು ಕಡೆ ದುಡ್ಡು ಕೊಡಬೇಕು. ಕೆಲವು ಕಡೆ ವಾರಗಟ್ಟಲೆ ಕಾಯಬೇಕು, ಹಾಗಾಗಿ ಇದನ್ನು ಮೊದಲೇ ಮಾಡಿ. ಮೆತ್ತನೆ ರಟ್ಟಿನ ಪುಸ್ತಕಕ್ಕೊಂದು, ಗಟ್ಟಿ ರಟ್ಟಿನದಕ್ಕೊಂದು, ಇ-ಪುಸ್ತಕಕ್ಕೊಂದು, ಹೀಗೆ ರೂಪಕ್ಕೊಂದು ಸಂಖ್ಯೆ ಬೇಕು.

ಅಮೆಜಾನ್‌ನ ಕೆಡಿಪಿಯಲ್ಲಿ (ಲೇಖಕರು ತಮ್ಮ ಪುಸ್ತಕ ತಾವೇ ಪ್ರಕಟಿಸುವ ತಾಣ) ಅಚ್ಚಿನ ಪುಸ್ತಕಕ್ಕೆ ಅವರೇ ಉಚಿತವಾಗಿ ಒಂದು ಸಂಖ್ಯೆ ಕೊಡುತ್ತಾರೆ. ತಗೊಳ್ಳಬಹುದು. ಆದರೆ ಆ ಸಂಖ್ಯೆ ಅಲ್ಲಿಗಷ್ಟೇ, ಬೇರೆ ಕಡೆ ಅಚ್ಚು ಹಾಕಿಸಿದಾಗ ಬಳಸುವ ಹಾಗಿಲ್ಲ. ನಿಮ್ಮ ಪ್ರಕಾಶನದ ಹೆಸರೂ ಅದರ ಮೇಲೆ ಇರುವುದಿಲ್ಲ. ಅಂಗಡಿಗಳಲ್ಲೂ ಮಾರುವ ಆಸೆ ಇದ್ದರೆ ನಿಮ್ಮದೇ ಸಂಖ್ಯೆ ತಗೊಳ್ಳಿ.

ಬಾರ್‌ಕೋಡ್ ಬಿಳಿ ಹಿನ್ನೆಲೆಯಲ್ಲಿ ಕಪ್ಪು ಗೆರೆಯಾಗಿಯೇ ಇರಲಿ. ಮುಖಪುಟದ ಬಣ್ಣಕ್ಕೆ ಹೊಂದಲಿ ಅಂತ ಒಬ್ಬ ಗೆಳೆಯರು ಅದನ್ನು ಕೆಂಪಾಗಿ ಮಾಡಿಸಿದ್ದರು. ನೋಡಲು ಚೆಂದವೇ ಇತ್ತು. ಅಂಗಡಿಯ ಸ್ಕ್ಯಾನರ್ ಓದಲೇ ಇಲ್ಲ. ಬಹಳಷ್ಟು ಸ್ಕ್ಯಾನರ್‌ಗಳು ಬಿಡುವುದು ಕೆಂಪು ಬೆಳಕು, ಅದಕ್ಕೆ ಕೆಂಪು ಗೆರೆಯೂ ಬಿಳಿ ಕಾಗದವೂ ಒಂದೇ. ಅವರು ಪ್ರತಿಯೊಂದು ಪುಸ್ತಕದ ಹಿಂದೆ ಚೀಟಿ ಅಂಟಿಸಬೇಕಾಯಿತು.

ಮುಖಪುಟ

ಚೆನ್ನಾಗಿ ಮಾಡುವವರಿಗೆ ದುಡ್ಡು ಕೊಟ್ಟು ಮಾಡಿಸಿ. ಬಂದ ಚಿತ್ರವನ್ನು ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಹೆಸರು ಓದಲು ಬರಬೇಕು. ಬಂದಿಲ್ಲ ಅಂದ್ರೆ ವಾಪಸ್ ಕಳಿಸಿ.

ಬೆನ್ನುಡಿ: ಎಲ್ಲರೂ ಎಡವುವುದು ಇಲ್ಲೇ

ಒಳಗಿನ ಮುನ್ನೂರು ಪುಟಕ್ಕೆ ಮೂರು ವರ್ಷ ಕೊಟ್ಟವರು ಹಿಂಬದಿಯ ನೂರು ಪದಕ್ಕೆ ಅರ್ಧ ಗಂಟೆ ಕೊಡುತ್ತಾರೆ. ಅದೂ ಅಚ್ಚಿನವರು ಫೋನ್ ಮಾಡಿ ಕೇಳಿದ ಮೇಲೆ. ಓದುಗ ಅಂಗಡಿಯಲ್ಲಿ ಪುಸ್ತಕ ತಿರುಗಿಸಿದಾಗ ಕಣ್ಣಿಗೆ ಬೀಳುವುದು ಆ ನೂರು ಪದ. ಆನ್‌ಲೈನ್ ಅಂಗಡಿಯ ಪುಟದಲ್ಲಿ ಹೋಗುವುದೂ ಅದೇ. ಪತ್ರಿಕೆಗೆ ಕಳಿಸುವ ಪತ್ರದಲ್ಲಿ, ಅಂಗಡಿಯವರಿಗೆ ಕಳಿಸುವ ಸಂದೇಶದಲ್ಲಿ, ಗೆಳೆಯರು ಹಂಚಿಕೊಳ್ಳುವ ಪೋಸ್ಟಿನಲ್ಲಿ, ಎಲ್ಲ ಕಡೆ ಅದೇ ಸುತ್ತುತ್ತದೆ. ಹಾಗಾಗಿ ನಾನು ಇದಕ್ಕೆ ಎರಡು ವಾರ ಇಟ್ಟುಕೊಳ್ಳಿ ಅನ್ನುತ್ತೇನೆ.

ಒಂದು ಉದಾಹರಣೆ ನೋಡೋಣ. ದೀಪಸ್ತಂಭ ಕಾಯುವವನ ಮಗಳ ಕಥೆ ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಬರುವ ಬೆನ್ನುಡಿ ಹೀಗಿರುತ್ತದೆ: ‘ಮಾನವ ಸಂಬಂಧಗಳ ಸೂಕ್ಷ್ಮ ಎಳೆಗಳನ್ನು ಬಿಡಿಸುತ್ತಾ, ಬದುಕಿನ ಅರ್ಥವನ್ನು ಶೋಧಿಸುವ ಈ ಕೃತಿ ಓದುಗರನ್ನು ಹೊಸ ಲೋಕಕ್ಕೆ ಕರೆದೊಯ್ಯುತ್ತದೆ.’ ಇದನ್ನು ಯಾವ ಕಾದಂಬರಿಯ ಹಿಂದೆ ಬೇಕಾದರೂ ಅಂಟಿಸಬಹುದು, ಅಲ್ವಾ? ಅದೇ ಇದರ ತೊಂದರೆ. ಇದರಲ್ಲಿ ಒಬ್ಬ ಮನುಷ್ಯನೂ ಇಲ್ಲ, ಒಂದು ಘಟನೆಯೂ ಇಲ್ಲ.

ಈಗ ಇದನ್ನು ಓದಿ: ‘ಅಪ್ಪ ತೀರಿಕೊಂಡ ಮೇಲೆ ದೀಪ ಹಚ್ಚುವ ಕೆಲಸ ಮಗಳ ಪಾಲಿಗೆ ಬರುತ್ತದೆ. ಅಪ್ಪನ ದಾಖಲೆ ಪುಸ್ತಕದಲ್ಲಿ ಮೂವತ್ತು ವರ್ಷದಿಂದ ಪ್ರತಿ ಜೂನ್ 11ರ ರಾತ್ರಿ ಒಂದೇ ಹಡಗಿನ ಹೆಸರು. ಅಂಥ ಹಡಗೇ ಇಲ್ಲ ಅನ್ನುತ್ತಾರೆ ಬಂದರಿನವರು. ಜೂನ್ 11ಕ್ಕೆ ಇನ್ನು ನಾಲ್ಕು ದಿನ.’

ಎರಡನೆಯದರಲ್ಲಿ ಏನಿದೆ ಅಂತ ಬಿಡಿಸಿ ನೋಡಿ. ಒಬ್ಬಳು ಇದ್ದಾಳೆ. ಅವಳಿಗೊಂದು ಕೆಲಸ ಇದೆ. ಒಂದು ವಿಚಿತ್ರ ಸಂಗತಿ ಇದೆ. ಗಡುವು ಇದೆ. ಒಗಟಿನ ಉತ್ತರ ಮಾತ್ರ ಇಲ್ಲ. ಅದು ಬೇಕಾದವರು ಪುಸ್ತಕ ಕೊಳ್ಳುತ್ತಾರೆ. ಹೊಗಳಿಕೆಯ ಪದ ಒಂದೂ ಇಲ್ಲ ಅನ್ನುವುದನ್ನೂ ಗಮನಿಸಿ. ‘ಹೃದಯಸ್ಪರ್ಶಿ’, ‘ಅದ್ಭುತ’, ‘ವಿಭಿನ್ನ’ ಇವನ್ನು ಓದಿದವರು ಹೇಳಬೇಕು, ಬರೆದವರಲ್ಲ.

ಮಾಡುವ ಕ್ರಮ ಹೀಗೆ. ಕಾದಂಬರಿಯ ಮೊದಲ ಕಾಲುಭಾಗದಲ್ಲಿ ಆಗುವುದನ್ನಷ್ಟೇ ತಗೊಳ್ಳಿ, ಅದರಾಚೆಗಿನದು ಬೇಡ. ಮುಖ್ಯ ಪಾತ್ರ ಒಂದೇ ಸಾಕು. ಎರಡಕ್ಕಿಂತ ಜಾಸ್ತಿ ಹೆಸರು ಹಾಕಿದರೆ ಓದುವವರ ತಲೆಯಲ್ಲಿ ಒಂದೂ ಉಳಿಯುವುದಿಲ್ಲ. ಮೊದಲು ಮುನ್ನೂರು ಪದ ಬರೆಯಿರಿ, ನಾಳೆ ನೂರೈವತ್ತಕ್ಕೆ ಇಳಿಸಿ, ಎರಡು ದಿನ ಬಿಟ್ಟು ನೂರಕ್ಕೆ ತನ್ನಿ. ಆಮೇಲೆ ಕಾದಂಬರಿ ಓದದ ಐದು ಜನಕ್ಕೆ ಕೊಡಿ. ‘ಹೇಗಿದೆ’ ಅಂತ ಕೇಳಬೇಡಿ, ಚೆನ್ನಾಗಿದೆ ಅಂತ ಸುಮ್ನೆ ಹೇಳಿಬಿಡುತ್ತಾರೆ. ‘ಇದು ಯಾರ ಕಥೆ, ಮುಂದೇನಾಗಬಹುದು’ ಅಂತ ಕೇಳಿ. ಐವರಲ್ಲಿ ಮೂವರಾದರೂ ನೆಟ್ಟಗೆ ಹೇಳಿದರೆ ಬೆನ್ನುಡಿ ಸಿದ್ಧ. ಇಲ್ಲವಾದರೆ ಮತ್ತೆ ಕೂರಿ.

ಹಿರಿಯರೊಬ್ಬರ ಎರಡು ಪುಟದ ಮುನ್ನುಡಿಯಿಂದ ನಾಲ್ಕು ಸಾಲು ಕತ್ತರಿಸಿ ಹಿಂದೆ ಹಾಕುವ ಸುಲಭದ ದಾರಿಯನ್ನು ಬಹಳ ಜನ ಹಿಡಿಯುತ್ತಾರೆ. ನನಗದು ಒಪ್ಪಿಗೆಯಿಲ್ಲ. ಲೇಖಕರ ಪರಿಚಯ, ಪ್ರಶಸ್ತಿಗಳ ಪಟ್ಟಿ, ದೊಡ್ಡ ಫೋಟೊ, ಇವೆಲ್ಲ ಒಳಪುಟಕ್ಕೆ ಹೋಗಲಿ. ಹಿಂಬದಿ ಕಥೆಯದು.

ಬೆನ್ನುಡಿ ಆದ ಮೇಲೆ ಅದನ್ನೇ ಇನ್ನೆರಡು ಅಳತೆಗೆ ಮಾಡಿಟ್ಟುಕೊಳ್ಳಿ. ಒಂದು ಸಾಲಿನದು, ಯಾರಾದರೂ ‘ಏನು ಬರೆದಿದ್ದೀರಿ’ ಅಂದಾಗ ಬಾಯಲ್ಲಿ ಹೇಳಲು. ಮೂರು ಸಾಲಿನದು, ಸಂದೇಶ ಕಳಿಸಲು. ಆನ್‌ಲೈನ್ ಅಂಗಡಿಗೆ ಹುಡುಕುಪದಗಳೂ ಬೇಕು. ಕೆಡಿಪಿಯಲ್ಲಿ ಅದಕ್ಕೆ 7 ಜಾಗ, ಪುಸ್ತಕ ಯಾವ ಬಗೆಯದು ಅನ್ನುವ ವರ್ಗಕ್ಕೆ 3. ‘ಕಾದಂಬರಿ’, ‘ಒಳ್ಳೆಯ ಪುಸ್ತಕ’ ಅಂತ ತುಂಬಿಸಿ ಜಾಗ ಹಾಳು ಮಾಡಬೇಡಿ. ‘ಕಡಲ ರಹಸ್ಯ’, ‘ಅಪ್ಪ ಮಗಳ ಕಥೆ’ ಅಂತ ಓದುಗ ಟೈಪ್ ಮಾಡುವಂಥದ್ದು ಹಾಕಿ.

ಬೆಲೆ ಮತ್ತು ಕಮಿಷನ್

ಇಲ್ಲಿ ಪೆನ್ನು ಕಾಗದ ತಗೊಂಡೇ ಕೂರಬೇಕು. ಅಚ್ಚಿನ ಖರ್ಚಿನ ಎರಡರಷ್ಟು ಬೆಲೆ ಇಟ್ಟರೆ ಅರ್ಧ ಲಾಭ ಅಂತ ಅಂದುಕೊಳ್ಳುವವರು ಜಾಸ್ತಿ. ಆಗುವುದಿಲ್ಲ. ಮುಖಬೆಲೆ 100 ಪಾಲು ಅಂದುಕೊಳ್ಳಿ. ಅಂಗಡಿಗೆ ನೇರವಾಗಿ ಕೊಟ್ಟರೆ ಅವರು 40ರ ಆಸುಪಾಸು ಕೇಳಬಹುದು. ವಿತರಕರ ಮೂಲಕ ಹೋದರೆ ಅವರದ್ದೂ ಅಂಗಡಿಯದ್ದೂ ಸೇರಿ 55ರವರೆಗೆ ಹೋಗುತ್ತದೆ. ನಿಮ್ಮ ಕೈಗೆ ಬರುವುದು 45. ಅಚ್ಚಿಗೆ 50 ಕೊಟ್ಟಿದ್ದರೆ ಒಂದೊಂದು ಪ್ರತಿ ಮಾರಿದಾಗಲೂ 5 ಕೈಯಿಂದ ಹೋಗುತ್ತದೆ. ಪುಸ್ತಕ ಚೆನ್ನಾಗಿ ಮಾರಾಟವಾದಷ್ಟೂ ನಷ್ಟ.

ಅಚ್ಚಿನ ಖರ್ಚು ಮುಖಬೆಲೆಯ ಕಾಲುಭಾಗ ದಾಟಬಾರದು, ಇದು ನಾನು ಹಿಡಿದಿರುವ ಲೆಕ್ಕ. ಒಂದು ಪ್ರತಿಯ ಖರ್ಚು ತಿಳಿಯಲು ಒಟ್ಟು ಖರ್ಚನ್ನು, ಹಾಕಿಸಿದ ಪ್ರತಿಗಳಿಂದಲ್ಲ, ಮಾರುವ ಪ್ರತಿಗಳಿಂದ ಭಾಗಿಸಿ. 300 ಹಾಕಿಸಿ 40 ಗೌರವ ಪ್ರತಿ ಕೊಟ್ಟರೆ ಮಾರಲು ಉಳಿಯುವುದು 260. ಭಾಗಿಸಬೇಕಾದದ್ದು ಅದರಿಂದ. ಖರ್ಚು ಜಾಸ್ತಿ ಬಂತಾ? ಪುಟ ಇಳಿಸಿ ನೋಡಿ. ಆಫ್‌ಸೆಟ್‌ನಲ್ಲಿ ಪುಟಗಳು ಸಾಮಾನ್ಯವಾಗಿ 16ರ ಫಾರಂ ಲೆಕ್ಕದಲ್ಲಿ, ಅಂದ್ರೆ 16 ಪುಟದ ಒಂದೊಂದು ಕಂತೆಯಾಗಿ ಹೋಗುತ್ತವೆ. 240 ಪುಟ ಅಂದ್ರೆ ಸರಿಯಾಗಿ 15 ಫಾರಂ. 244 ಆದರೆ ಆ ನಾಲ್ಕು ಪುಟದ ಸಲುವಾಗಿ ಕಾಗದವೂ ಕೂಲಿಯೂ ಹೆಚ್ಚುತ್ತದೆ. ಅಂಚು ಚೂರು ಹೊಂದಿಸಿದರೆ ನಾಲ್ಕು ಪುಟ ಒಳಗೆ ಬರುತ್ತದೆ. ಅಕ್ಷರ ಮಾತ್ರ ಚಿಕ್ಕದು ಮಾಡಬೇಡಿ, ಕಣ್ಣಿಗೆ ಕಷ್ಟವಾದ ಪುಸ್ತಕವನ್ನು ಯಾರೂ ಇನ್ನೊಬ್ಬರಿಗೆ ಹೇಳುವುದಿಲ್ಲ.

ಎಲ್ಲಿ ಮಾರುವುದು

ಮೊದಲ ಪುಸ್ತಕಕ್ಕೆ ಸಾವಿರ ಪ್ರತಿ ಬೇಡವೇ ಬೇಡ. ‘ಸಾವಿರ ಹಾಕಿಸಿದರೆ ಪ್ರತಿಗೆ ಕಡಿಮೆ ಬೀಳುತ್ತದೆ’ ಅನ್ನುವುದು ನಿಜ. ಆದರೆ ಮಾರದೆ ಉಳಿದ ಏಳುನೂರಕ್ಕೆ ಕೊಟ್ಟ ದುಡ್ಡೂ ನಿಮ್ಮದೇ. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಅಚ್ಚು ಹಾಕುವ ಪ್ರಿಂಟ್ ಆನ್ ಡಿಮಾಂಡ್ ಇದೆ. ಪ್ರತಿಗೆ ದುಬಾರಿ ಬೀಳುತ್ತದೆ, ಮನೆಯಲ್ಲಿ ಮಾತ್ರ ದಾಸ್ತಾನು ಇರುವುದಿಲ್ಲ. ಕೈಯಲ್ಲಿ ಮಾರಲು ಇನ್ನೂರು ಮುನ್ನೂರು ಹಾಕಿಸಿ, ಉಳಿದದ್ದಕ್ಕೆ ಇದನ್ನಿಟ್ಟುಕೊಳ್ಳಿ.

ಇ-ಪುಸ್ತಕಕ್ಕೆ ಇಪಬ್ (ಇ-ಪುಸ್ತಕಗಳ ಸಾಮಾನ್ಯ ರೂಪ) ಕಡತ ಮಾಡಿಸಿ. ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಎಲ್ಲ ಸಾಧನದಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ಗೆ ತನ್ನಿ. ತಂದ ಮೇಲೆ ಇನ್ನೊಂದು ಸಲ ಪೂರ್ತಿ ಓದಲೇಬೇಕು, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂತಿರುತ್ತವೆ. ನೀವು ಬರೆದ ಭಾಷೆಯನ್ನು ಇ-ಪುಸ್ತಕ ಮಾರುವ ತಾಣ ತಗೊಳ್ಳುತ್ತದಾ ಅಂತಲೂ ಮೊದಲೇ ನೋಡಿಕೊಳ್ಳಿ. ಕೆಡಿಪಿಯವರು ಎಲ್ಲ ಭಾಷೆಯನ್ನೂ ತಗೊಳ್ಳುವುದಿಲ್ಲ. ಅಲ್ಲಿ ‘ಸೆಲೆಕ್ಟ್’ ಅನ್ನುವ ಯೋಜನೆಗೆ ಒಪ್ಪಿಗೆ ಕೊಟ್ಟರೆ 90 ದಿನ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವ ಹಾಗಿಲ್ಲ, ನಿಮ್ಮದೇ ವೆಬ್‌ಸೈಟಿನಲ್ಲೂ ಇಲ್ಲ. ನೀವು ಬಿಡಿಸದಿದ್ದರೆ ಅದು ತಾನಾಗಿ ಮುಂದುವರಿಯುತ್ತದೆ. ಆ ಟಿಕ್ ಗುರುತು ಹಾಕುವ ಮುಂಚೆ ಯೋಚನೆ ಮಾಡಿ.

ಮೊದಲ ಓದುಗರು

ಬಿಡುಗಡೆಗೆ ಎರಡು ತಿಂಗಳ ಮುಂಚೆ ಇಪ್ಪತ್ತು ಜನಕ್ಕೆ ಪ್ರತಿ ಕಳಿಸಿ. ಹೆಸರು ಮಾಡಿದವರೇ ಬೇಕು ಅಂತಿಲ್ಲ. ಆ ಬಗೆಯ ಕಾದಂಬರಿಗಳನ್ನು ಓದಿ ಅದರ ಬಗ್ಗೆ ನಾಲ್ಕು ಮಾತು ಬರೆಯುವವರು ಬೇಕು. ಎಲ್ಲರಿಗೂ ಒಂದೇ ಪತ್ರ ಕಳಿಸಬೇಡಿ. ಅವರು ಹಿಂದೆ ಬರೆದದ್ದನ್ನು ಓದಿ, ಈ ಪುಸ್ತಕ ಅವರಿಗೇ ಯಾಕೆ ಅಂತ ಎರಡು ಸಾಲು ಸೇರಿಸಿ. ಹೊಗಳಿ ಅಂತ ಕೇಳಬೇಡಿ, ಅನಿಸಿದ್ದು ಬರೆಯಿರಿ ಅನ್ನಿ. ದುಡ್ಡು ಕೊಟ್ಟು ರಿವ್ಯೂ ಬರೆಸುವುದು, ಮನೆಯವರಿಂದ ಸ್ಟಾರ್ ಹಾಕಿಸುವುದು ಎರಡಕ್ಕೂ ಅಮೆಜಾನ್‌ನಲ್ಲಿ ನಿಷೇಧವಿದೆ, ಗೊತ್ತಾದರೆ ತೆಗೆದುಹಾಕುತ್ತಾರೆ.

‘ನಿಮ್ಮ ಪುಸ್ತಕವನ್ನು ಬೆಸ್ಟ್ ಸೆಲ್ಲರ್ ಮಾಡಿಕೊಡುತ್ತೇವೆ’ ಅನ್ನುವ ಪ್ಯಾಕೇಜುಗಳು ನಿಮ್ಮ ಇಮೇಲಿಗೆ ಬರುತ್ತವೆ. ನನಗೂ ಬಂದಿದ್ದವು, ಒಂದಕ್ಕೆ ದುಡ್ಡೂ ಕಟ್ಟಿದ್ದೆ. ಬಂದದ್ದು ಯಾರೂ ನೋಡದ ಪುಟಗಳಲ್ಲಿ ಹತ್ತು ಪೋಸ್ಟು, ಮತ್ತೊಂದು ಟ್ರೈಲರ್ ವಿಡಿಯೊ. ಪ್ರತಿ ಒಂದೂ ಹೋಗಲಿಲ್ಲ. ಆ ದುಡ್ಡಿಗೆ ಇನ್ನೂ ಇಪ್ಪತ್ತು ಓದುಗರಿಗೆ ಪುಸ್ತಕ ಕಳಿಸಬಹುದಿತ್ತು. ಫಾಲೋವರ್‌ಗಳನ್ನು ಕೊಳ್ಳುವುದೂ ಬೇಡ, ಬುಕ್‌ಮಾರ್ಕ್ ಕಟ್ಟುಗಳೂ ಬೇಡ. ಅದರ ಬದಲು ಪುಸ್ತಕದ ಕೊನೆಯ ಪುಟದಲ್ಲಿ, ಮುಂದಿನ ಪುಸ್ತಕದ ಸುದ್ದಿ ಬೇಕಾದವರು ಇಲ್ಲಿಗೆ ಬರೆಯಿರಿ ಅಂತ ನಿಮ್ಮ ಇಮೇಲ್ ವಿಳಾಸ ಹಾಕಿ. ಹಾಗೆ ತಾವಾಗಿಯೇ ಬರೆದವರ ಪಟ್ಟಿ ಮಾಡಿ. ಒಪ್ಪಿಗೆ ಇಲ್ಲದವರನ್ನು ಅದಕ್ಕೆ ಸೇರಿಸಬೇಡಿ. ಐವತ್ತೇ ಜನ ಇದ್ದರೂ ಅವರು ನಿಜವಾಗಿ ಓದುವವರು.

ಅಂಗಡಿಗೆ ಕೊಡುವಾಗ

ಒಂದು ಪ್ರತಿ ಕೈಯಲ್ಲಿ ಹಿಡಿದುಕೊಂಡು, ಗಿರಾಕಿ ಕಡಿಮೆ ಇರುವ ಹೊತ್ತಿಗೆ ನೀವೇ ಹೋಗಿ. ಮಾರಾಟವಾದ ಮೇಲೆ ದುಡ್ಡು, ಉಳಿದದ್ದು ವಾಪಸ್ ಅನ್ನುವುದೇ ಹೆಚ್ಚಿನ ಕಡೆ ಹೊಸಬರಿಗೆ ಸಿಗುವ ಒಪ್ಪಂದ. ಐದೇ ಪ್ರತಿ ಇಡಿ. ಐವತ್ತು ಇಟ್ಟರೆ ಮೂಲೆ ಸೇರುತ್ತವೆ, ಐದು ಇಟ್ಟರೆ ಕಪಾಟಿಗೆ ಹೋಗುತ್ತವೆ.

ಎಷ್ಟೇ ಪರಿಚಯ ಇದ್ದರೂ ಬಾಯಿಮಾತಿನಲ್ಲಿ ಕೊಡಬೇಡಿ. ಚೀಟಿಯಲ್ಲಿ ತಾರೀಖು, ಪ್ರತಿ ಎಷ್ಟು, ಕಮಿಷನ್ ಎಷ್ಟು, ಲೆಕ್ಕ ನೋಡುವ ದಿನ ಯಾವುದು, ಹಾಳಾದ ಪ್ರತಿ ಯಾರ ಲೆಕ್ಕಕ್ಕೆ, ಎಲ್ಲ ಬರೆದು ಇಬ್ಬರೂ ಸಹಿ ಹಾಕಿ. ಅದನ್ನೇ ಒಂದು ನೋಟ್‌ಬುಕ್ಕಿನಲ್ಲಿ ಅಂಗಡಿಗೊಂದು ಪುಟದಂತೆ ಇಳಿಸಿಕೊಳ್ಳಿ. ನನ್ನ ಒಂದು ಪುಸ್ತಕದ ಮೂವತ್ತು ಪ್ರತಿ ಒಂದು ಅಂಗಡಿಗೆ ಹೋಗಿದ್ದವು. ಚೀಟಿ ಇರಲಿಲ್ಲ. ವರ್ಷ ಬಿಟ್ಟು ಹೋದಾಗ ಹತ್ತೇ ಕೊಟ್ಟಿದ್ದು ಅಂದರು, ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಆರು ವಾರಕ್ಕೊಮ್ಮೆ ಆ ನೋಟ್‌ಬುಕ್ ಹಿಡಿದು ಒಂದು ಸುತ್ತು ಹೋಗಿ. ಐದೂ ಹೋಗಿದ್ದ ಕಡೆ ಲೆಕ್ಕ ಚುಕ್ತಾ ಮಾಡಿಸಿ ಇನ್ನೈದು ಇಡಿ. ಒಂದೂ ಹೋಗದ ಕಡೆಯಿಂದ ವಾಪಸ್ ತಂದು, ಧೂಳು ಒರೆಸಿ, ಹೋಗುತ್ತಿರುವ ಕಡೆಗೆ ಕೊಡಿ.