ಕಿವಿಗೂ ಸನ್‌ಸ್ಕ್ರೀನ್ ಹಚ್ಚಿಸಿದ್ದು ಹೀಗೆ

ಆಸ್ಟ್ರೇಲಿಯಾದ ಬ್ರಿಸ್ಬೇನಿನ ಒಂದು ಕ್ಲಬ್ಬಿನಲ್ಲಿ ನಾನು ಹನ್ನೆರಡು-ಹದಿಮೂರು ವರ್ಷದ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತೇನೆ. ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ನಮ್ಮ ಹಿರಿಯ ಕೋಚ್. ಅವರ ಎಡಗಿವಿಯ ಹಿಂದಿನ ಮಚ್ಚೆಯನ್ನು ಮೊದಲು ನೋಡಿದ್ದು ಅವರ ಕೂದಲು ಕತ್ತರಿಸುವವರು. ಅಂಚು ಓರೆಕೋರೆ, ಒಂದು ಕಡೆ ಕಂದು, ಇನ್ನೊಂದು ಕಡೆ ಕಪ್ಪು. ಡಾಕ್ಟರು ತೆಗೆದು ಪರೀಕ್ಷೆಗೆ ಕಳಿಸಿದರು. ಮೆಲನೋಮ, ಅಂದರೆ ಚರ್ಮದ ಕ್ಯಾನ್ಸರಿನ ಅಪಾಯಕಾರಿ ಬಗೆ, ಅಂತ ಬಂತು. ಆಮೇಲೆ ಸುತ್ತಲಿನ ಚರ್ಮವನ್ನೂ ಅಗಲಕ್ಕೆ ತೆಗೆದರು. ಬೇರೆಲ್ಲೂ ಹರಡಿರಲಿಲ್ಲ, ಪುಣ್ಯ.

ಅವರು ಮುಖಕ್ಕೆ ತಪ್ಪದೆ ಸನ್‌ಸ್ಕ್ರೀನ್ ಹಚ್ಚುತ್ತಿದ್ದವರು. ಆದರೆ ತಲೆ ಮೇಲೆ ಯಾವಾಗಲೂ ಬೇಸ್‌ಬಾಲ್ ಕ್ಯಾಪ್. ಅದರ ನೆರಳು ಹಣೆಗಷ್ಟೇ. ಕಿವಿ, ಕತ್ತು ಬಿಸಿಲಲ್ಲೇ ಇರುತ್ತವೆ. ಕ್ರಿಕೆಟ್ಟಿಗೆ ಇದು ಹೊಸ ಕಥೆಯಲ್ಲ. ಆಸ್ಟ್ರೇಲಿಯಾದ ಮಾಜಿ ನಾಯಕ ರಿಚಿ ಬೆನೊ 2014ರಲ್ಲಿ ತಮಗೆ ಚರ್ಮದ ಕ್ಯಾನ್ಸರ್ ಆಗಿದೆ ಎಂದು ತಿಳಿಸಿದಾಗ, ಆಡುವ ಕಾಲದಲ್ಲಿ ಟೋಪಿ ಹಾಕದೇ ಇದ್ದದ್ದನ್ನು ನೆನೆದು ನೊಂದುಕೊಂಡರು. ಇನ್ನೊಬ್ಬ ಮಾಜಿ ನಾಯಕ ಮೈಕೆಲ್ ಕ್ಲಾರ್ಕ್ ಮುಖದಿಂದಲೂ ಒಂದಕ್ಕಿಂತ ಹೆಚ್ಚು ಸಲ ಕ್ಯಾನ್ಸರ್ ತೆಗೆದಿದ್ದಾರೆ. ಆಸ್ಟ್ರೇಲಿಯಾದಲ್ಲಿ 70 ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಒಂದಲ್ಲ ಒಂದು ಬಗೆಯ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ.

ನಮ್ಮ ಹಿರಿಯ ಕೋಚ್ ಚಿಕಿತ್ಸೆಯಲ್ಲಿದ್ದಾಗ ಮಕ್ಕಳ ಜವಾಬ್ದಾರಿ ನನಗೆ ಬಂತು. ಮೊದಲು ಮುಟ್ಟಿದ್ದು ಪ್ರಾಕ್ಟೀಸಿನ ಸಮಯವನ್ನು. ಚರ್ಮ ಕೆಡಿಸುವುದು ಸೆಕೆಯಲ್ಲ, ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಯುವಿ (ನೇರಳಾತೀತ) ಕಿರಣ. ತಂಪು ಗಾಳಿ ಬೀಸುವ ದಿನವೂ, ತೆಳು ಮೋಡ ಇದ್ದಾಗಲೂ ಅದು ಬೀಳುತ್ತಲೇ ಇರುತ್ತದೆ. ಹಾಗಾಗಿ ಥರ್ಮಾಮೀಟರ್ ಬಿಟ್ಟು ಆ ಕಿರಣ ಎಷ್ಟು ಜೋರಾಗಿದೆ ಅಂತ ಹೇಳುವ ಯುವಿ ಸೂಚ್ಯಂಕ ನೋಡತೊಡಗಿದೆ. ಫೋನಿನ ಸನ್‌ಸ್ಮಾರ್ಟ್ ಆ್ಯಪ್‌ನಲ್ಲಿ ಸಿಗುತ್ತದೆ. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ರಕ್ಷಣೆ ಬೇಕೇ ಬೇಕು. ಬ್ರಿಸ್ಬೇನಿನಲ್ಲಿ ಚಳಿಗಾಲದ ಮಧ್ಯಾಹ್ನವೂ ಅದು 3 ದಾಟುತ್ತದೆ. ಬೇಸಿಗೆಯ ಪ್ರಾಕ್ಟೀಸನ್ನು ಸಂಜೆ ನಾಲ್ಕೂವರೆಯ ನಂತರಕ್ಕೆ ತಳ್ಳಿದೆವು. ಕೆಲವು ಅಪ್ಪ-ಅಮ್ಮಂದಿರಿಗೆ ತೊಂದರೆಯಾಯಿತು, ಆದರೂ ಒಪ್ಪಿಕೊಂಡರು.

ಶನಿವಾರದ ಮ್ಯಾಚ್ ಮಾತ್ರ ನಮ್ಮ ಕೈಯಲ್ಲಿಲ್ಲ. ಅಲ್ಲಿ ಸನ್‌ಸ್ಕ್ರೀನೇ ಗತಿ, ಮತ್ತು ಮಕ್ಕಳ ತಕರಾರು ಇರುವುದೂ ಅಲ್ಲೇ. "ಬಾಲ್ ಜಾರುತ್ತೆ" ಅಂತ ಬೌಲರುಗಳು. "ಕಣ್ಣು ಉರಿಯುತ್ತೆ" ಅಂತ ಉಳಿದವರು. ಎರಡೂ ನಿಜ, ಸುಮ್ನೆ ಗದರಿದರೆ ಆಗಲ್ಲ. ಮೈದಾನಕ್ಕೆ ಇಳಿಯುವ 20 ನಿಮಿಷ ಮೊದಲೇ ಹಚ್ಚಿಸಿ, ಅಂಗೈಯನ್ನು ಒದ್ದೆ ಟವೆಲಿನಲ್ಲಿ ಒರೆಸಿಸುತ್ತೇನೆ. ಹಣೆಗೆ ಕಡ್ಡಿಯಂತೆ ಬರುವ ಗಟ್ಟಿ ಸನ್‌ಸ್ಕ್ರೀನ್, ಅದು ಬೆವರಿನ ಜೊತೆ ಬೇಗ ಇಳಿಯಲ್ಲ. ಅಳತೆ ದೊಡ್ಡವರಿಗಾದರೆ ಒಂದೊಂದು ತೋಳಿಗೆ, ಕಾಲಿಗೆ ಒಂದೊಂದು ಟೀಚಮಚ, ಮುಖ-ಕತ್ತು-ಕಿವಿ ಸೇರಿ ಇನ್ನೊಂದು. ಮಕ್ಕಳಿಗೆ ಮೈಗೆ ತಕ್ಕಷ್ಟು. ಬಟಾಣಿಯಷ್ಟು ಹಿಂಡಿಕೊಂಡು ತೋಳಿಗೆಲ್ಲಾ ಸವರಿದರೆ ಬಾಟಲಿ ಮೇಲೆ ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 50 ಅಂತ ಬರೆದಿದ್ದರೂ ಪ್ರಯೋಜನವಿಲ್ಲ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕಲ್ವಾ? ಅದನ್ನು ಡ್ರಿಂಕ್ಸ್ ಬ್ರೇಕಿಗೆ ಗಂಟು ಹಾಕಿದೆ. ಸನ್‌ಸ್ಕ್ರೀನ್ ಬಾಟಲಿಯೂ ನೀರಿನ ಐಸ್ ಪೆಟ್ಟಿಗೆಯಲ್ಲೇ ಇರುತ್ತದೆ, ಏಕೆಂದರೆ ಕಾರಿನ ಡಿಕ್ಕಿಯ ಬಿಸಿಗೆ ಸನ್‌ಸ್ಕ್ರೀನ್ ಕೆಡುತ್ತದೆ. ಜೋಡಿ ಜೋಡಿಯಾಗಿ ನಿಲ್ಲಿಸಿ ಒಬ್ಬರ ಕಿವಿಯ ಹಿಂದೆ ಇನ್ನೊಬ್ಬರು ನೋಡುವಂತೆ ಮಾಡಿದೆ. ತನ್ನ ಕಿವಿಯ ಹಿಂಭಾಗ ತನಗೆ ಕಾಣಲ್ಲವಲ್ಲ.

ಕ್ಯಾಪ್ ತೆಗೆಸಿ ಅಗಲ ಅಂಚಿನ ಟೋಪಿ, ಕಾಲರ್ ಇರುವ ತುಂಬುತೋಳಿನ ಅಂಗಿ ಹಾಕಿಸಿದೆವು. ಕೋಚ್‌ಗಳೂ ಅದನ್ನೇ ಹಾಕಬೇಕು. ನಾವು ಹಾಕದಿದ್ದರೆ ಮಕ್ಕಳು ಹಾಕುವುದಿಲ್ಲ, ಇದರಲ್ಲಿ ನನಗೆ ಎರಡು ಮಾತಿಲ್ಲ.

ನಮ್ಮ ಕನ್ನಡದ ಅಮ್ಮ ಒಬ್ಬರು ಕೇಳಿದರು: "ಅಣ್ಣಾ, ನಮ್ಮ ಹುಡುಗಂಗೆ ಇದೆಲ್ಲಾ ಯಾಕೆ? ನಾವೇನು ಬಿಳಿಯರಾ?" ಪ್ರಶ್ನೆ ಸರಿಯಾಗೇ ಇದೆ. ನಮ್ಮ ಚರ್ಮಕ್ಕೆ ಕಂದು ಬಣ್ಣ ಕೊಡುವ ಮೆಲನಿನ್ ಸಾಕಷ್ಟು ಕಾಪಾಡುತ್ತದೆ, ಅಪಾಯ ಅವರಿಗಿಂತ ತೀರಾ ಕಡಿಮೆ. ಹಾಗಂತ ಸೊನ್ನೆಯಲ್ಲ. ಜೊತೆಗೆ ಕಣ್ಣಿಗೆ ಮೆಲನಿನ್ನಿನ ಆ ಕಾವಲಿಲ್ಲ, ವರ್ಷಗಟ್ಟಲೆ ಯುವಿ ಬಿದ್ದರೆ ಪೊರೆ ಬರುವ ಸಾಧ್ಯತೆ ಹೆಚ್ಚುತ್ತದೆ.

ಅವರಿಗೆ ನಾನು ಒತ್ತಿ ಹೇಳಿದ್ದು ಇನ್ನೊಂದು ವಿಷಯ. ನಮ್ಮಂಥವರಿಗೆ ಮೆಲನೋಮ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಅದಕ್ಕೆ ಬಿಸಿಲು ಕಾರಣವಲ್ಲ, ಸನ್‌ಸ್ಕ್ರೀನ್ ತಡೆಯಲ್ಲ. ಅಲ್ಲಿ ಯಾರೂ ನೋಡದ್ದರಿಂದ ತಡವಾಗಿ ಸಿಗುತ್ತದೆ. ವೇಗದ ಬೌಲರುಗಳ ಹೆಬ್ಬೆರಳಿನ ಉಗುರು ಶೂಗೆ ಬಡಿದು ಕಪ್ಪಾಗುವುದು ಮಾಮೂಲಿ. ಆ ಕಪ್ಪು ಕಲೆ, ಉಗುರು ಬೆಳೆದಂತೆ ತುದಿಯ ಕಡೆ ಸರಿಯುತ್ತದೆ. ಸರಿಯದೆ ಅಲ್ಲೇ ಇದ್ದರೆ, ಉಗುರಿನಲ್ಲಿ ಕಪ್ಪು ಪಟ್ಟೆ ಇದ್ದು ಅಗಲವಾಗುತ್ತಿದ್ದರೆ, ಅಥವಾ ಪಕ್ಕದ ಚರ್ಮಕ್ಕೂ ಹಬ್ಬಿದರೆ ಡಾಕ್ಟರಿಗೆ ತೋರಿಸಿ ಅಂತ ಪ್ರತಿ ಸೀಸನ್ ಶುರುವಿನಲ್ಲಿ ಎಲ್ಲ ಮನೆಗಳಿಗೂ ಚೀಟಿ ಕಳಿಸುತ್ತೇನೆ.