ಕಾಫಿ ರೇಟಿನ ಬೆನ್ನು ಹಿಡಿದು ಓದಿದ ಅಂತರರಾಷ್ಟ್ರೀಯ ರಾಜಕೀಯ

ಎಂಎಯಲ್ಲಿ ಅಂತರರಾಷ್ಟ್ರೀಯ ಸಂಬಂಧ ತಗೊಂಡವರಿಗೆ ದಿನಾ ಪೇಪರ್ ಓದಿ ಅಂತ ಎಲ್ಲರೂ ಹೇಳ್ತಾರೆ. ಸುಮ್ನೆ ಸುದ್ದಿ ಓದಿದರೆ ತಲೆಯಲ್ಲಿ ನಿಲ್ಲಲ್ಲ. ಅದಕ್ಕೇ ನಾನು ಒಂದು ವಸ್ತು ಹಿಡಿದೆ. ನಮ್ಮದು ಮೂಡಿಗೆರೆ ಕಡೆಯ ಸಣ್ಣ ತೋಟ, ಹಾಗಾಗಿ ಕಾಫಿ.

ನಮ್ಮ ಕಡೆಯ ಹಿರಿಯ ಬೆಳೆಗಾರರು ಪೂಲ್ ಕಾಲದ ಮಾತು ಈಗಲೂ ಆಡ್ತಾರೆ. ಆಗ ಬೆಳೆದ ಕಾಫಿಯನ್ನು ಕಾಫಿ ಬೋರ್ಡಿಗೆ ಹಾಕಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. ಹೊರಗೆ ಜಗತ್ತಿನಲ್ಲಿ ಆಗ ಏನು ನಡೆದಿತ್ತು? ಅದನ್ನು ತಿಳಿಯಲು 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಓದಿದೆ. ಯಾವ ದೇಶ ಎಷ್ಟು ರಫ್ತು ಮಾಡಬಹುದು ಅನ್ನುವ ಕೋಟಾ ಅದರಲ್ಲಿತ್ತು. ಬೆಲೆ ಬೀಳದಂತೆ ತಡೆಯುವ ಏರ್ಪಾಡು ಅದು. ಹಾಗಿದ್ದರೆ ಕಾಫಿ ಕೊಳ್ಳುವ ಅಮೆರಿಕ ಅದಕ್ಕೆ ಯಾಕೆ ಸಹಿ ಹಾಕಿತು?

ನನಗೆ ಶೀತಲ ಸಮರ, ಅಂದರೆ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಪೈಪೋಟಿ, ಅರ್ಥ ಮಾಡಿಸಿದ್ದು ಈ ಪ್ರಶ್ನೆ. 1959ರಲ್ಲಿ ಕ್ಯೂಬಾದಲ್ಲಿ ಕ್ರಾಂತಿ ಆಗಿತ್ತು. ಕಾಫಿ ಬೆಲೆ ಬಿದ್ದು ಲ್ಯಾಟಿನ್ ಅಮೆರಿಕದ ಬೇರೆ ದೇಶಗಳೂ ಕಮ್ಯುನಿಸ್ಟರ ಕಡೆ ವಾಲಿದರೆ ಅನ್ನುವ ಭಯ ಅಮೆರಿಕಕ್ಕಿತ್ತು. ಆ ಭಯ ಕರಗುತ್ತಾ ಬಂತು. 1989ರ ಜುಲೈನಲ್ಲಿ ಕೋಟಾ ಮುರಿದುಬಿತ್ತು, ಬೆಲೆ ಕುಸಿಯಿತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ತೊಂಬತ್ತರ ದಶಕದಲ್ಲಿ ಪೂಲ್ ಹಂತ ಹಂತವಾಗಿ ಮುಗಿಯಿತು. ಇಷ್ಟು ತಿಳಿದ ಮೇಲೆ ವಾಸ್ತವವಾದ (ದೇಶಗಳು ತಮ್ಮ ಬಲ, ಹಿತ ನೋಡಿಕೊಂಡೇ ನಡೆಯುತ್ತವೆ ಅನ್ನುವುದು), ಅವಲಂಬನೆ ಸಿದ್ಧಾಂತ (ಬಡ ದೇಶಗಳು ಶ್ರೀಮಂತ ದೇಶಗಳ ಮೇಲೆ ಅವಲಂಬಿಸಿ ಹಿಂದುಳಿಯುತ್ತವೆ ಅನ್ನುವುದು) ಓದಿದೆ. ಮೊದಲು ಒಪ್ಪಂದ, ಆಮೇಲೆ ಸಿದ್ಧಾಂತ. ನನ್ನ ಪ್ರಕಾರ ಇದೇ ಸರಿಯಾದ ಕ್ರಮ.

ಓದುವಾಗ ಪಕ್ಕದಲ್ಲಿ ಭೂಪಟ ಇರಲೇಬೇಕು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದಾಗ, ಯುರೋಪಿಗೆ ಹೋಗುವ ಎಷ್ಟೋ ಹಡಗುಗಳು ಸೂಯೆಜ್ ಕಾಲುವೆಯ ದಾರಿ ಬಿಟ್ಟು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ನಮ್ಮ ಕಾಫಿ ಜಾಸ್ತಿ ಹೋಗುವುದೂ ಇಟಲಿ, ಜರ್ಮನಿ ಕಡೆಗೇ ಅಲ್ವಾ? ಸಾಗಣೆ ಖರ್ಚು ಏರಿತು.

ಈಗ ಓದುತ್ತಿರುವುದು ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ಕಾಯ್ದೆ. ಅದರ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗುವಂತಿಲ್ಲ, ತೋಟ ಎಲ್ಲಿದೆ ಅನ್ನುವ ಲೆಕ್ಕ ಕೊಡಬೇಕು. ನಿಯಮ ಮಾಡಿದವರು ಕೊಳ್ಳುವವರು, ದಾಖಲೆ ಹೊಂದಿಸಬೇಕಾದವರು ಬೆಳೆಯುವವರು. ರಜೆಗೆ ಊರಿಗೆ ಹೋದಾಗ ಅಪ್ಪನ ಜೊತೆ ಕೂತು ಅದರ ಒಂದೊಂದೇ ಕಲಮು ಓದುತ್ತೇನೆ.

ಸಕಲೇಶಪುರದ ಕಡೆಯವರು ಬೇಕಾದರೆ ಕಾಳುಮೆಣಸು ಹಿಡಿಯಬಹುದು. ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬರುತ್ತೆ ಅನ್ನುವ ದೂರು ಬೆಳೆಗಾರರಿಂದ ಕೇಳಿರುತ್ತೀರಿ. ಎರಡೂ ದೇಶಗಳ ನಡುವೆ ಸುಂಕ ಇಳಿಸಿದ 1998ರ ಭಾರತ-ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಿಂದ ಶುರು ಮಾಡಿ.